ತೆಗೆದರೂ ಮರಳಿ ಬರುವ ವೈರಸ್: ಒಂದು ಚರಿತ್ರೆ

ಮನೆಯ ಕಂಪ್ಯೂಟರಿಗೆ ವೈರಸ್ ತಗುಲುವುದು ಹೊಸ ಸಂಗತಿಯೇನಲ್ಲ. ಆದರೆ ತೆಗೆದುಹಾಕಿದ ವೈರಸ್ ಎರಡು ದಿನ ಬಿಟ್ಟು ಮತ್ತೆ ಕಾಣಿಸಿಕೊಂಡಾಗ ನಮಗೆ ದಿಕ್ಕು ತೋಚುವುದಿಲ್ಲ. ಆಂಟಿವೈರಸ್ ತಂತ್ರಾಂಶವು 'ವೈರಸ್ ಅಳಿಸಲಾಗಿದೆ' ಎಂದು ಹೇಳಿರುತ್ತದೆ. ಕಂಪ್ಯೂಟರನ್ನು ಮತ್ತೆ ಆನ್ ಮಾಡಿದರೆ ಅದು ಅಲ್ಲಿಯೇ ಇರುತ್ತದೆ. ಕೊನೆಗೆ ರಿಪೇರಿ ಅಂಗಡಿಗೆ ಒಯ್ದು ಫಾರ್ಮ್ಯಾಟ್ ಮಾಡಿಸುತ್ತೇವೆ. ಮಕ್ಕಳ ಪ್ರಾಜೆಕ್ಟ್, ಮದುವೆಯ ಫೋಟೋಗಳು, ಸಂಘದ ಲೆಕ್ಕಪತ್ರ, ವಿದ್ಯಾರ್ಥಿವೇತನದ ಅರ್ಜಿಗಳ ಪಟ್ಟಿ ಎಲ್ಲವೂ ಅದರೊಂದಿಗೆ ಹೋಗುತ್ತವೆ. ಅಷ್ಟಾದ ಮೇಲೂ ವೈರಸ್ ಮರಳಿ ಬಂದರೆ ಏನು ಮಾಡುವುದು?

ಈ ಪ್ರಶ್ನೆ ಕೇಳಿದವರಲ್ಲಿ ನಾವು ಮೊದಲಿಗರಲ್ಲ. ಸುಮಾರು ನಾಲ್ಕು ದಶಕಗಳಿಂದ ಜಗತ್ತಿನ ಎಲ್ಲ ಕಡೆ ಜನರು ಇದನ್ನೇ ಕೇಳುತ್ತ ಬಂದಿದ್ದಾರೆ. ವೈರಸ್ ಬರೆಯುವವರು ಅಡಗಲು ಹೊಸ ಜಾಗ ಹುಡುಕುತ್ತ ಹೋದರು. ಅದನ್ನು ತೆಗೆಯುವವರು ಆ ಜಾಗಗಳನ್ನು ಒಂದೊಂದಾಗಿ ಪತ್ತೆಹಚ್ಚುತ್ತ ಹೋದರು. ಈ ಇತಿಹಾಸವನ್ನು ಅರಿತವನು ತನ್ನ ಮನೆಯ ಕಂಪ್ಯೂಟರಿನ ಮುಂದೆ ಗಾಬರಿಯಾಗಬೇಕಾಗಿಲ್ಲ.

ಹೆಸರು ಬಂದ ಬಗೆ

1971ರಲ್ಲಿ, ಇಂದಿನ ಅಂತರಜಾಲಕ್ಕೆ ಬುನಾದಿಯಾದ ಅಮೆರಿಕದ ಅರ್ಪಾನೆಟ್ ಜಾಲದಲ್ಲಿ ಬಾಬ್ ಥಾಮಸ್ ಎಂಬ ತಂತ್ರಜ್ಞರು 'ಕ್ರೀಪರ್' ಎಂಬ ಪ್ರಯೋಗಾತ್ಮಕ ತಂತ್ರಾಂಶವನ್ನು ಬರೆದರು. ಅದು ಒಂದು ಯಂತ್ರದಿಂದ ಇನ್ನೊಂದಕ್ಕೆ ತಾನಾಗಿಯೇ ಹೋಗುತ್ತಿತ್ತು. ಯಾರಿಗೂ ಕೇಡು ಮಾಡುವ ಉದ್ದೇಶ ಅದಕ್ಕಿರಲಿಲ್ಲ. ಅದನ್ನು ಹುಡುಕಿ ಅಳಿಸಲು 'ರೀಪರ್' ಎಂಬ ಇನ್ನೊಂದು ತಂತ್ರಾಂಶ ಬಂದಿತು. ಹೀಗೆ ರೋಗವೂ ಮದ್ದೂ ಹೆಚ್ಚು ಕಡಿಮೆ ಜೊತೆಯಲ್ಲಿಯೇ ಹುಟ್ಟಿದವು ಎನ್ನಬಹುದು.

1982ರಲ್ಲಿ ಅಮೆರಿಕದ ಹದಿನೈದು ವರ್ಷದ ಶಾಲಾ ವಿದ್ಯಾರ್ಥಿ ರಿಚ್ ಸ್ಕ್ರೆಂಟಾ ಗೆಳೆಯರನ್ನು ರೇಗಿಸಲು ಆಪಲ್ ಕಂಪ್ಯೂಟರಿಗಾಗಿ 'ಎಲ್ಕ್ ಕ್ಲೋನರ್' ಬರೆದನು. ಫ್ಲಾಪಿಯಿಂದ ಫ್ಲಾಪಿಗೆ ಹರಡುತ್ತಿದ್ದ ಅದು ಪ್ರತಿ ಐವತ್ತನೆಯ ಸಲ ಒಂದು ತಮಾಷೆಯ ಪದ್ಯವನ್ನು ತೆರೆಯ ಮೇಲೆ ತೋರಿಸುತ್ತಿತ್ತು. 1983ರಲ್ಲಿ ಫ್ರೆಡ್ ಕೋಹೆನ್ ಎಂಬ ಸಂಶೋಧನಾ ವಿದ್ಯಾರ್ಥಿ ತನ್ನನ್ನು ತಾನೇ ನಕಲು ಮಾಡಿಕೊಳ್ಳುವ ತಂತ್ರಾಂಶವನ್ನು ವಿಶ್ವವಿದ್ಯಾಲಯದಲ್ಲಿ ಪ್ರದರ್ಶಿಸಿದರು. ಅವರ ಮಾರ್ಗದರ್ಶಕರಾದ ಲಿಯೊನಾರ್ಡ್ ಏಡಲ್ಮನ್ ಅದಕ್ಕೆ 'ವೈರಸ್' ಎಂಬ ಹೆಸರನ್ನು ಸೂಚಿಸಿದರು. ಎಲ್ಲ ವೈರಸ್‌ಗಳನ್ನೂ ತಪ್ಪಿಲ್ಲದೆ ಗುರುತಿಸಬಲ್ಲ ತಂತ್ರಾಂಶವನ್ನು ರಚಿಸಲು ಸಾಧ್ಯವೇ ಇಲ್ಲ ಎಂಬುದನ್ನೂ ಕೋಹೆನ್ ತಮ್ಮ ಸಂಶೋಧನೆಯಲ್ಲಿ ತೋರಿಸಿದರು. 'ಆಂಟಿವೈರಸ್ ಇದೆ, ಇನ್ನೇನೂ ಭಯವಿಲ್ಲ' ಎನ್ನುವವರು ಈ ಮಾತನ್ನು ನೆನಪಿಡಬೇಕು.

ಲಾಹೋರಿನಿಂದ ಹೊರಟ ಫ್ಲಾಪಿ

ಐಬಿಎಂ ಮಾದರಿಯ ಕಂಪ್ಯೂಟರುಗಳ ಮೊದಲ ವೈರಸ್ ಹುಟ್ಟಿದ್ದು ನಮ್ಮ ನೆರೆಯ ಲಾಹೋರಿನಲ್ಲಿ, 1986ರಲ್ಲಿ. ಅಲ್ಲಿ ಕಂಪ್ಯೂಟರ್ ಅಂಗಡಿ ನಡೆಸುತ್ತಿದ್ದ ಬಾಸಿತ್ ಫಾರೂಕ್ ಅಲ್ವಿ ಮತ್ತು ಅಮ್ಜದ್ ಫಾರೂಕ್ ಅಲ್ವಿ ಎಂಬ ಸಹೋದರರು ಅದನ್ನು ಬರೆದರು. ತಾವು ಸಿದ್ಧಪಡಿಸಿದ ವೈದ್ಯಕೀಯ ತಂತ್ರಾಂಶವನ್ನು ಜನರು ಕಳ್ಳ ನಕಲು ಮಾಡುವುದನ್ನು ಪತ್ತೆಹಚ್ಚುವುದು ತಮ್ಮ ಉದ್ದೇಶವಾಗಿತ್ತೆಂದು ಅವರು ಹೇಳಿದ್ದಾರೆ. ವಿಶೇಷವೆಂದರೆ ವೈರಸ್‌ನ ಒಳಗೆ ತಮ್ಮ ಹೆಸರು, ವಿಳಾಸ, ದೂರವಾಣಿ ಸಂಖ್ಯೆಗಳನ್ನೇ ಬರೆದು, ಲಸಿಕೆಗಾಗಿ ಸಂಪರ್ಕಿಸಿರಿ ಎಂದು ಸೂಚಿಸಿದ್ದರು! ಆ ವೈರಸ್ ಕಡಲು ದಾಟಿ ಅಮೆರಿಕದ ವಿಶ್ವವಿದ್ಯಾಲಯಗಳನ್ನು ಸೇರಿತು. 2011ರಲ್ಲಿ ಫಿನ್‌ಲ್ಯಾಂಡಿನ ತಜ್ಞ ಮಿಕ್ಕೊ ಹಿಪ್ಪೊನೆನ್ ಲಾಹೋರಿಗೆ ಹೋದಾಗ ಆ ಸಹೋದರರು ಅದೇ ವಿಳಾಸದಲ್ಲಿ ಸಿಕ್ಕಿದರು.

'ಬ್ರೇನ್' ಎಂಬ ಈ ವೈರಸ್ ಅಡಗುತ್ತಿದ್ದುದು ಫ್ಲಾಪಿಯ ಬೂಟ್ ಸೆಕ್ಟರ್‌ನಲ್ಲಿ. ಕಂಪ್ಯೂಟರ್ ಆನ್ ಆದಾಗ ಮೊದಲು ಓದುವ ಜಾಗ ಅದು. ಅಲ್ಲಿನ ಮೂಲ ಬರಹವನ್ನು ಬೇರೆಡೆಗೆ ಸಾಗಿಸಿ ವೈರಸ್ ತಾನು ಕುಳಿತುಕೊಳ್ಳುತ್ತಿತ್ತು. ಯಾರಾದರೂ ಪರೀಕ್ಷಿಸಲು ಆ ಜಾಗವನ್ನು ಓದಿದರೆ, ನಡುವೆ ಕೈಹಾಕಿ ಬೇರೆಡೆ ಇಟ್ಟಿದ್ದ ಮೂಲ ಬರಹವನ್ನೇ ತೋರಿಸುತ್ತಿತ್ತು. ಅಂದರೆ ರೋಗಪೀಡಿತ ಯಂತ್ರವನ್ನು 'ನೀನು ಆರೋಗ್ಯವೇ?' ಎಂದು ಕೇಳಿದರೆ ಅದು 'ಹೌದು' ಎಂದೇ ಉತ್ತರಿಸುತ್ತಿತ್ತು.

ಇದಕ್ಕೆ ಕಂಡುಕೊಂಡ ಉಪಾಯ ಸರಳವಾಗಿತ್ತು. ಸ್ವಚ್ಛವೆಂದು ಖಚಿತವಿರುವ ಇನ್ನೊಂದು ಫ್ಲಾಪಿಯ ಅಂಚಿನ ಕಚ್ಚಿನ ಮೇಲೆ ಅಂಟುಪಟ್ಟಿ ಹಚ್ಚಿದರೆ ಅದರ ಮೇಲೆ ಏನನ್ನೂ ಬರೆಯಲು ಬಾರದು. ಅಂಥ ಫ್ಲಾಪಿಯಿಂದ ಕಂಪ್ಯೂಟರನ್ನು ಆನ್ ಮಾಡಿ, ವೈರಸ್ ನಿದ್ರಿಸುತ್ತಿರುವಾಗಲೇ ಅದನ್ನು ತೆಗೆಯುವುದು. ಸೋಂಕಿಲ್ಲದ ಜಾಗದಲ್ಲಿ ನಿಂತು ಸೋಂಕನ್ನು ಶುಚಿಗೊಳಿಸು ಎಂಬ ಈ ನಿಯಮ ಇಂದಿಗೂ ಬದಲಾಗಿಲ್ಲ.

ಹುಡುಕುವವನೇ ಹರಡಿದಾಗ

1987ರ ಕೊನೆಯಲ್ಲಿ ಜೆರುಸಲೇಮಿನ ಹೀಬ್ರೂ ವಿಶ್ವವಿದ್ಯಾಲಯದಲ್ಲಿ ಪತ್ತೆಯಾದ ವೈರಸ್ ಬೂಟ್ ಸೆಕ್ಟರ್ ಬಿಟ್ಟು ತಂತ್ರಾಂಶದ ಕಡತಗಳಿಗೇ ಅಂಟಿಕೊಳ್ಳುತ್ತಿತ್ತು. ಹದಿಮೂರನೆಯ ತಾರೀಕು ಶುಕ್ರವಾರ ಬಂದರೆ ಆ ದಿನ ಓಡಿಸಿದ ತಂತ್ರಾಂಶಗಳನ್ನು ಅಳಿಸಿಹಾಕುವುದು ಅದರ ಕೆಲಸ. ಬರೆದವನ ಒಂದು ದೋಷದಿಂದಾಗಿ ಅದು ಒಂದೇ ಕಡತಕ್ಕೆ ಮತ್ತೆ ಮತ್ತೆ ಅಂಟಿಕೊಂಡು ಕಡತ ಊದಿಕೊಳ್ಳುತ್ತ ಹೋಯಿತು. ಇದರಿಂದ ಜನರಿಗೆ ಸಂಶಯ ಬಂದಿತು.

1989ರಲ್ಲಿ ಬಲ್ಗೇರಿಯಾದಿಂದ ಬಂದ 'ಡಾರ್ಕ್ ಅವೆಂಜರ್' ಇನ್ನೂ ಚತುರವಾಗಿತ್ತು. ಅದು ಒಮ್ಮೆ ಮೆಮೊರಿಯಲ್ಲಿ ಸೇರಿಕೊಂಡರೆ ಸಾಕು, ಬರೀ ತೆರೆದು ಓದಿದ ಕಡತಕ್ಕೂ ಅಂಟಿಕೊಳ್ಳುತ್ತಿತ್ತು. ಆಂಟಿವೈರಸ್ ತಂತ್ರಾಂಶ ಮಾಡುವ ಕೆಲಸವೇ ಎಲ್ಲ ಕಡತಗಳನ್ನೂ ತೆರೆದು ಓದುವುದಲ್ಲವೇ? ಹೀಗಾಗಿ ಮೆಮೊರಿಯನ್ನು ಮೊದಲು ಪರೀಕ್ಷಿಸದೆ ಸ್ಕ್ಯಾನ್ ಮಾಡಿದವರು ತಮ್ಮ ಕೈಯಾರೆ ಇಡೀ ಹಾರ್ಡ್ ಡಿಸ್ಕ್‌ಗೆ ವೈರಸ್ ಹಚ್ಚಿದಂತಾಯಿತು. ಸ್ವಚ್ಛ ಫ್ಲಾಪಿಯಿಂದ ಆರಂಭಿಸಬೇಕೆಂಬ ನಿಯಮವನ್ನು ಮೀರಿದ್ದಕ್ಕೆ ತೆತ್ತ ಬೆಲೆ ಇದು.

ಫಾರ್ಮ್ಯಾಟ್ ಮಾಡಿದರೂ ಹೋಗದ್ದು

'ಫಾರ್ಮ್ಯಾಟ್ ಮಾಡಿದರೆ ಎಲ್ಲವೂ ಹೋಗುತ್ತದೆ' ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಅದು ಸುಳ್ಳೆಂದು ತೋರಿಸಿದ್ದು ನ್ಯೂಜಿಲೆಂಡಿನಲ್ಲಿ ಹುಟ್ಟಿದ 'ಸ್ಟೋನ್ಡ್' ವೈರಸ್. ಅದು ಹಾರ್ಡ್ ಡಿಸ್ಕ್‌ನ ಮೊಟ್ಟಮೊದಲ ಜಾಗವಾದ ಮಾಸ್ಟರ್ ಬೂಟ್ ರೆಕಾರ್ಡ್‌ನಲ್ಲಿ ಕೂರುತ್ತಿತ್ತು. ಡಾಸ್ ಕಾಲದ ಫಾರ್ಮ್ಯಾಟ್ ಆಜ್ಞೆ ಆ ಜಾಗವನ್ನು ಮುಟ್ಟುತ್ತಲೇ ಇರಲಿಲ್ಲ. ಮನೆಯ ಎಲ್ಲ ಕೋಣೆಗಳನ್ನು ತೊಳೆದು ಹೊಸ್ತಿಲನ್ನು ಮಾತ್ರ ಬಿಟ್ಟಂತೆ. ಜನರು ತಮ್ಮ ಕಡತಗಳನ್ನೆಲ್ಲ ಕಳೆದುಕೊಂಡರು, ವೈರಸ್ ಮಾತ್ರ ಉಳಿಯಿತು.

ಇದರ ಸಂತತಿಯಾದ 'ಮೈಕೆಲೇಂಜೆಲೊ' ಮಾರ್ಚ್ 6ರಂದು ಡಿಸ್ಕ್‌ನ ಮೇಲೆ ಕಸ ಬರೆದು ಹಾಳುಮಾಡುತ್ತಿತ್ತು. ಆ ದಿನ ಇಟಲಿಯ ಮಹಾನ್ ಕಲಾವಿದನ ಜನ್ಮದಿನವಾದ್ದರಿಂದ ಸಂಶೋಧಕರು ಅದಕ್ಕೆ ಆ ಹೆಸರಿಟ್ಟರು. ವೈರಸ್‌ನೊಳಗೆ ಕಲಾವಿದನ ಪ್ರಸ್ತಾಪವೇ ಇರಲಿಲ್ಲ. 1992ರಲ್ಲಿ ಲಕ್ಷಾಂತರ ಕಂಪ್ಯೂಟರುಗಳು ನಾಶವಾಗುತ್ತವೆ ಎಂದು ಪತ್ರಿಕೆಗಳು ಬರೆದವು. ನಿಜವಾಗಿ ಹಾಳಾದವು ಅದರ ಒಂದು ಅಲ್ಪ ಭಾಗ ಮಾತ್ರ.

ಈ ಬಗೆಯ ವೈರಸ್ ತೆಗೆಯಲು 'ಎಫ್‌ಡಿಸ್ಕ್' ಎಂಬ ಆಜ್ಞೆಯಿಂದ ಆ ಮೊದಲ ಜಾಗವನ್ನು ಹೊಸದಾಗಿ ಬರೆಯುವ ಉಪಾಯ ಪ್ರಚಲಿತವಾಯಿತು. ಆದರೆ ಅರೆತಿಳುವಳಿಕೆ ಇಲ್ಲಿಯೂ ಮೋಸ ಮಾಡಿತು. 1994ರಲ್ಲಿ ಕಾಣಿಸಿಕೊಂಡ 'ಒನ್‌ಹಾಫ್' ವೈರಸ್ ಪ್ರತಿ ಬಾರಿ ಕಂಪ್ಯೂಟರ್ ಆನ್ ಆದಾಗಲೂ ಡಿಸ್ಕ್‌ನ ಕೊನೆಯಿಂದ ಸ್ವಲ್ಪ ಸ್ವಲ್ಪ ಭಾಗವನ್ನು ಗೂಢಲಿಪಿಗೆ ತಿರುಗಿಸುತ್ತಿತ್ತು. ವೈರಸ್ ಇರುವವರೆಗೆ ಕಡತಗಳು ಸರಿಯಾಗಿ ಕಾಣುತ್ತಿದ್ದವು, ಏಕೆಂದರೆ ಅದೇ ಅವನ್ನು ಬಿಡಿಸಿ ತೋರಿಸುತ್ತಿತ್ತು. ಅವಸರದಲ್ಲಿ ವೈರಸನ್ನು ಅಳಿಸಿದವರು ಬೀಗದ ಕೈಯನ್ನೂ ಅಳಿಸಿದಂತಾಯಿತು. ಮೊದಲು ಗೂಢಲಿಪಿ ಬಿಡಿಸಿ, ಅನಂತರ ವೈರಸ್ ತೆಗೆಯಬೇಕಿತ್ತು. ಯಾವ ವೈರಸ್ ಎಂದು ತಿಳಿಯದೆ ಚಿಕಿತ್ಸೆಗೆ ಕೈಹಾಕಬಾರದು ಎಂಬುದು ಇದರ ಪಾಠ.

ಇದೇ ದಶಕದಲ್ಲಿ ಪುಣೆಯಲ್ಲಿ ಇಬ್ಬರು ಸಹೋದರರ ಕಥೆ ಆರಂಭವಾಯಿತು. ಹತ್ತನೆಯ ತರಗತಿಯ ನಂತರ ಓದು ಮುಂದುವರಿಸದೆ ಕ್ಯಾಲ್ಕುಲೇಟರ್ ರಿಪೇರಿ ಕಲಿತ ಕೈಲಾಶ್ ಕಾಟ್ಕರ್ ಕಂಪ್ಯೂಟರ್ ದುರಸ್ತಿಯ ಅಂಗಡಿ ನಡೆಸುತ್ತಿದ್ದರು. ಕಂಪ್ಯೂಟರ್ ವಿಜ್ಞಾನ ಓದಿದ ತಮ್ಮ ಸಂಜಯ್ ವೈರಸ್ ತೆಗೆಯುವ ತಂತ್ರಾಂಶಗಳನ್ನು ಬರೆದರು. ಅದೇ ಮುಂದೆ 'ಕ್ವಿಕ್ ಹೀಲ್' ಆಗಿ ನಮ್ಮ ದೇಶದ ಮನೆಮನೆಗೆ ಬಂದಿತು. ಲಾಹೋರಿನ ಸಹೋದರರಂತೆ ಇವರೂ ಸಣ್ಣ ಅಂಗಡಿಯವರೇ. ಒಂದೇ ವಿದ್ಯೆಯಿಂದ ಎರಡು ದಾರಿಗಳು ಹೊರಡುತ್ತವೆ ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಪತ್ರದಲ್ಲಿ ಬಂದದ್ದು, ಕಾನೂನು ಬಂದದ್ದು

1995ರಲ್ಲಿ 'ಕಾನ್ಸೆಪ್ಟ್' ಎಂಬ ವೈರಸ್ ವರ್ಡ್ ಕಡತಗಳ ಮೂಲಕ ಹರಡಿತು. ಪತ್ರ ತೆರೆದರೆ ಅದು ವರ್ಡ್‌ನ ಮೂಲ ಮಾದರಿ ಕಡತದಲ್ಲಿ ಸೇರಿಕೊಳ್ಳುತ್ತಿತ್ತು. ಆ ಮೇಲೆ ಬರೆದ ಪ್ರತಿಯೊಂದು ಪತ್ರಕ್ಕೂ ಅಂಟಿಕೊಳ್ಳುತ್ತಿತ್ತು. ಸೋಂಕಿತ ಪತ್ರಗಳನ್ನು ಒಂದೊಂದಾಗಿ ಶುಚಿಗೊಳಿಸಿದರೂ ಮಾದರಿ ಕಡತವನ್ನು ಬಿಟ್ಟರೆ ಶ್ರಮವೆಲ್ಲ ವ್ಯರ್ಥ. 1998ರಲ್ಲಿ ತೈವಾನಿನ ವಿದ್ಯಾರ್ಥಿ ಚೆನ್ ಇಂಗ್-ಹೌ ಬರೆದ 'ಸಿಐಎಚ್' ಮುಂದಿನ ವರ್ಷ ಏಪ್ರಿಲ್ 26ರಂದು ಡಿಸ್ಕ್‌ನ ಮಾಹಿತಿಯನ್ನು ನಾಶಮಾಡಿತು. ಜೊತೆಗೆ ಹಲವು ಕಂಪ್ಯೂಟರುಗಳ ಮದರ್‌ಬೋರ್ಡ್ ಮೇಲಿನ ಬಯೋಸ್ ಚಿಪ್ಪನ್ನೂ ಅಳಿಸಿ, ಯಂತ್ರ ಆನ್ ಆಗದಂತೆ ಮಾಡಿತು.

2000ದ ಮೇ 4ರಂದು ಫಿಲಿಪೈನ್ಸ್‌ನಿಂದ ಹೊರಟ 'ಐ ಲವ್ ಯೂ' ಎಂಬ ಇ-ಮೇಲ್ ವೈರಸ್ ಒಂದೆರಡು ದಿನಗಳಲ್ಲಿ ಜಗತ್ತನ್ನು ಸುತ್ತಿತು. ಅದನ್ನು ಬರೆದ ಯುವಕನ ಮೇಲಿನ ಮೊಕದ್ದಮೆಯನ್ನು ಕೈಬಿಡಬೇಕಾಯಿತು, ಏಕೆಂದರೆ ಆ ದೇಶದಲ್ಲಿ ಆಗ ಅದಕ್ಕೆ ತಕ್ಕ ಕಾನೂನೇ ಇರಲಿಲ್ಲ. ನಮ್ಮ ದೇಶದ ಮಾಹಿತಿ ತಂತ್ರಜ್ಞಾನ ಕಾಯ್ದೆ ಅದೇ ವರ್ಷ ಅಕ್ಟೋಬರ್ 17ರಂದು ಜಾರಿಗೆ ಬಂದಿತು. ಅದರ 43ನೆಯ ಕಲಮು ಬೇರೆಯವರ ಕಂಪ್ಯೂಟರಿಗೆ ವೈರಸ್ ಸೇರಿಸುವವನು ಪರಿಹಾರ ತೆರಬೇಕೆಂದು ಹೇಳುತ್ತದೆ. 2008ರ ತಿದ್ದುಪಡಿಯ ನಂತರ, ವಂಚನೆಯ ಉದ್ದೇಶದಿಂದ ಹಾಗೆ ಮಾಡಿದರೆ 66ನೆಯ ಕಲಮಿನಂತೆ ಮೂರು ವರ್ಷಗಳವರೆಗೆ ಸೆರೆವಾಸ ಅಥವಾ ಐದು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು. 'ತಮಾಷೆಗೆ ಮಾಡಿದೆ' ಎನ್ನುವ ಮುನ್ನ ವಿದ್ಯಾರ್ಥಿಗಳು ಇದನ್ನು ತಿಳಿದಿರಬೇಕು.

ಅರವತ್ತು ಸೆಕೆಂಡು ಮತ್ತು ಪೆನ್ ಡ್ರೈವ್

2003ರ ಆಗಸ್ಟ್‌ನಲ್ಲಿ 'ಬ್ಲಾಸ್ಟರ್' ಬಂದಿತು. ವಿಂಡೋಸ್ ಎಕ್ಸ್‌ಪಿ ಇದ್ದ ಕಂಪ್ಯೂಟರಿನಲ್ಲಿ ಅರವತ್ತು ಸೆಕೆಂಡುಗಳ ಎಣಿಕೆ ತೋರಿಸಿ ಯಂತ್ರ ತಾನಾಗಿ ಆಫ್ ಆಗಿ ಮತ್ತೆ ಆನ್ ಆಗುತ್ತಿತ್ತು. ಇದು ಪತ್ರ ತೆರೆಯುವವರೆಗೂ ಕಾಯುತ್ತಿರಲಿಲ್ಲ. ಅಂತರಜಾಲಕ್ಕೆ ಸಂಪರ್ಕ ಸಿಕ್ಕರೆ ಸಾಕಿತ್ತು. ವಿಂಡೋಸನ್ನು ಹೊಸದಾಗಿ ಹಾಕಿ, ಅದರ ರಂಧ್ರ ಮುಚ್ಚುವ ತೇಪೆ ತಂತ್ರಾಂಶವನ್ನು ಇಳಿಸಿಕೊಳ್ಳಲೆಂದು ಅಂತರಜಾಲಕ್ಕೆ ಹೋದ ಕೆಲವೇ ನಿಮಿಷಗಳಲ್ಲಿ ವೈರಸ್ ಮತ್ತೆ ಒಳಗೆ ಬರುತ್ತಿತ್ತು. ಇಲ್ಲಿ ಕಳ್ಳ ಮನೆಯೊಳಗೆ ಅಡಗಿರಲಿಲ್ಲ. ತೆರೆದ ಬಾಗಿಲಿನಿಂದ ಪ್ರತಿಸಲವೂ ಹೊಸದಾಗಿ ಬರುತ್ತಿದ್ದನು. ಮೊದಲು ಫೈರ್‌ವಾಲ್ ಹಾಕಿ, ಆ ಮೇಲೆ ಅಂತರಜಾಲಕ್ಕೆ ಹೋಗುವುದೇ ಪರಿಹಾರವಾಗಿತ್ತು. 2004ರ ಎಕ್ಸ್‌ಪಿ ಎರಡನೆಯ ಸರ್ವಿಸ್ ಪ್ಯಾಕ್‌ನಲ್ಲಿ ಫೈರ್‌ವಾಲ್ ತಾನಾಗಿಯೇ ಆನ್ ಇರುವಂತೆ ಮೈಕ್ರೋಸಾಫ್ಟ್ ಬದಲಾಯಿಸಿತು.

ಎಕ್ಸ್‌ಪಿಯಲ್ಲಿ ಇನ್ನೊಂದು ಅಡಗುತಾಣವೂ ಇತ್ತು. ಕೆಟ್ಟ ವ್ಯವಸ್ಥೆಯನ್ನು ಹಿಂದಿನ ಸ್ಥಿತಿಗೆ ತರುವ 'ಸಿಸ್ಟಮ್ ರಿಸ್ಟೋರ್' ಸೌಲಭ್ಯವು ವೈರಸ್‌ನ ನಕಲನ್ನೂ ಜೋಪಾನವಾಗಿ ಇಟ್ಟುಕೊಳ್ಳುತ್ತಿತ್ತು. ಆ ಹಳೆಯ ಸ್ಥಿತಿಗೆ ಮರಳಿದರೆ ವೈರಸ್ಸೂ ಮರಳುತ್ತಿತ್ತು.

ನಮ್ಮ ಊರುಗಳಲ್ಲಿ ಹೆಚ್ಚು ಕಾಡಿದ್ದು ಪೆನ್ ಡ್ರೈವ್ ವೈರಸ್. ಡಿಟಿಪಿ ಅಂಗಡಿ, ಸೈಬರ್ ಸೆಂಟರ್, ಫೋಟೋ ಸ್ಟುಡಿಯೊ, ಕಾಲೇಜಿನ ಲ್ಯಾಬ್ ಇವೆಲ್ಲವನ್ನೂ ಒಂದೇ ಪೆನ್ ಡ್ರೈವ್ ಸುತ್ತುತ್ತಿತ್ತು. ಅದನ್ನು ಸಿಕ್ಕಿಸಿದೊಡನೆ ವಿಂಡೋಸ್‌ನ 'ಆಟೊರನ್' ಸೌಲಭ್ಯ ವೈರಸನ್ನು ಓಡಿಸುತ್ತಿತ್ತು. 2005ರಲ್ಲಿ ಇಂಡೋನೇಷ್ಯಾದಿಂದ ಬಂದ 'ಬ್ರಾಂಟಾಕ್' ಫೋಲ್ಡರ್‌ನ ಚಿತ್ರ ಧರಿಸಿ ಮೋಸ ಮಾಡುತ್ತಿತ್ತು. ತನ್ನನ್ನು ಪತ್ತೆಹಚ್ಚಬಹುದಾದ ಫೋಲ್ಡರ್ ಆಪ್ಶನ್ಸ್, ರಿಜಿಸ್ಟ್ರಿ ಎಡಿಟರ್ ಇವುಗಳನ್ನೇ ಬಂದ್ ಮಾಡುತ್ತಿತ್ತು.

2008ರ ನವೆಂಬರ್‌ನಲ್ಲಿ ಕಾಣಿಸಿಕೊಂಡ 'ಕಾನ್‌ಫಿಕರ್' ಈ ಎಲ್ಲ ವಿದ್ಯೆಗಳನ್ನೂ ಒಟ್ಟುಗೂಡಿಸಿತು. ಮುಚ್ಚದ ರಂಧ್ರದ ಮೂಲಕ, ಪೆನ್ ಡ್ರೈವ್ ಮೂಲಕ, ಸುಲಭವಾಗಿ ಊಹಿಸಬಹುದಾದ ಪಾಸ್‌ವರ್ಡ್ ಮೂಲಕ ಹೀಗೆ ಮೂರು ದಾರಿಗಳಿಂದ ಬರುತ್ತಿತ್ತು. ವಿಂಡೋಸ್ ಅಪ್‌ಡೇಟ್ ನಿಲ್ಲಿಸಿ, ಆಂಟಿವೈರಸ್ ಕಂಪನಿಗಳ ತಾಣಗಳೇ ತೆರೆಯದಂತೆ ಮಾಡುತ್ತಿತ್ತು. ಆ ರಂಧ್ರವನ್ನು ಮುಚ್ಚುವ ತೇಪೆಯನ್ನು ಮೈಕ್ರೋಸಾಫ್ಟ್ ಅಕ್ಟೋಬರ್ 23ರಂದೇ ಬಿಡುಗಡೆ ಮಾಡಿತ್ತು. ಹಾಕಿಕೊಳ್ಳದವರ ಸಂಖ್ಯೆ ಅಪಾರವಾಗಿತ್ತು. ಇಪ್ಪತ್ತು ಕಂಪ್ಯೂಟರುಗಳ ಲ್ಯಾಬಿನಲ್ಲಿ ಹತ್ತೊಂಬತ್ತನ್ನು ಶುಚಿಗೊಳಿಸಿ ಒಂದನ್ನು ಬಿಟ್ಟರೆ, ಭದ್ರಪಡಿಸದ ಯಂತ್ರಗಳಿಗೆಲ್ಲ ಆ ಒಂದರಿಂದಲೇ ಮತ್ತೆ ಸೋಂಕು ಹರಡುತ್ತಿತ್ತು. ಎಲ್ಲ ಯಂತ್ರಗಳ ನೆಟ್‌ವರ್ಕ್ ತಂತಿ ಕಳಚಿ, ಬೇರೆ ಸ್ವಚ್ಛ ಕಂಪ್ಯೂಟರಿನಿಂದ ಸಿ.ಡಿ.ಯಲ್ಲಿ ಮದ್ದು ತಂದು, ಪ್ರತಿಯೊಂದನ್ನೂ ಶುಚಿಗೊಳಿಸಿ, ತೇಪೆ ಹಾಕಿದ ಮೇಲಷ್ಟೇ ಮತ್ತೆ ಜೋಡಿಸಬೇಕಾಗಿತ್ತು. 2011ರ ಫೆಬ್ರವರಿಯಲ್ಲಿ ಮೈಕ್ರೋಸಾಫ್ಟ್ ಹಳೆಯ ವಿಂಡೋಸ್‌ಗಳಲ್ಲಿಯೂ ಪೆನ್ ಡ್ರೈವ್‌ನ ಆಟೊರನ್ ಸೌಲಭ್ಯವನ್ನು ಅಪ್‌ಡೇಟ್ ಮೂಲಕ ನಿಲ್ಲಿಸಿತು.

ಮತ್ತೆ ಹೊಸ್ತಿಲಿಗೆ

2010ರ ಫೆಬ್ರವರಿಯಲ್ಲಿ ಒಂದು ವಿಚಿತ್ರ ನಡೆಯಿತು. ಮೈಕ್ರೋಸಾಫ್ಟ್‌ನ ಒಂದು ಅಪ್‌ಡೇಟ್ ಹಾಕಿಕೊಂಡ ಅನೇಕ ಕಂಪ್ಯೂಟರುಗಳು ನೀಲಿ ತೆರೆ ತೋರಿಸಿ ನಿಂತುಬಿಟ್ಟವು. ಜನರು ಅಪ್‌ಡೇಟನ್ನು ದೂರಿದರು. ವಿಚಾರಿಸಿ ನೋಡಿದರೆ ಆ ಯಂತ್ರಗಳಲ್ಲಿ 'ಅಲುರಿಯಾನ್' ಎಂಬ ರೂಟ್‌ಕಿಟ್ ಮೊದಲೇ ಅಡಗಿತ್ತು. ಅಪ್‌ಡೇಟ್‌ನೊಂದಿಗೆ ಅದಕ್ಕೆ ಹೊಂದಾಣಿಕೆಯಾಗದೆ ಯಂತ್ರ ನಿಂತಿತ್ತು. ಅಲ್ಲಿಯವರೆಗೆ ಒಡೆಯರಿಗೆ ಅದರ ಸುಳಿವೇ ಇರಲಿಲ್ಲ. ಮುಂದೆ ಇದರ ಹೊಸ ರೂಪವು ಹಳೆಯ 'ಸ್ಟೋನ್ಡ್'ನಂತೆಯೇ ಮಾಸ್ಟರ್ ಬೂಟ್ ರೆಕಾರ್ಡ್‌ಗೆ ಬಂದು ಕುಳಿತಿತು. 2018ರಲ್ಲಿ ಪತ್ತೆಯಾದ 'ಲೋಜಾಕ್ಸ್' ಮದರ್‌ಬೋರ್ಡಿನ ಚಿಪ್‌ನಲ್ಲಿಯೇ ಅಡಗಿ, ಹಾರ್ಡ್ ಡಿಸ್ಕ್ ಬದಲಾಯಿಸಿದರೂ ಉಳಿಯುತ್ತಿತ್ತು. ಇಂಥವು ಸಾಮಾನ್ಯ ಮನೆಗಳಿಗೆ ಬರುವುದು ತೀರ ಅಪರೂಪ.

2017ರ ಮೇ 12ರಂದು ಹರಡಿದ 'ವಾನಾಕ್ರೈ' ಇನ್ನೊಂದು ಪಾಠ ಕಲಿಸಿತು. ಅದು ಕಡತಗಳಿಗೆ ಬೀಗ ಹಾಕಿ ಹಣ ಕೇಳುತ್ತಿತ್ತು. ಇಂಥ ವೈರಸನ್ನು ತೆಗೆದರೂ ಕಡತಗಳು ಮರಳಿ ಬರುವುದಿಲ್ಲ. ಬೇರೆಡೆ ನಕಲು ಇಟ್ಟುಕೊಂಡವರು ಮಾತ್ರ ನೆಮ್ಮದಿಯಿಂದಿದ್ದರು.

ಮನೆಯಲ್ಲಿ ಮಾಡಬೇಕಾದ್ದು

ಇತಿಹಾಸ ಕಲಿಸಿದ್ದನ್ನು ಕ್ರಮವಾಗಿ ಹೇಳುವುದಾದರೆ ಹೀಗಿದೆ.

1. ಮೊದಲು ಅಂತರಜಾಲದ ಸಂಪರ್ಕ ಕಡಿದುಹಾಕಿ. ಆ ಕಂಪ್ಯೂಟರಿನಲ್ಲಿ ಬ್ಯಾಂಕಿನ ವ್ಯವಹಾರ ಮಾಡಬೇಡಿ.

2. ಆಂಟಿವೈರಸ್ ತೋರಿಸುವ ವೈರಸ್‌ನ ಹೆಸರನ್ನು ಬರೆದುಕೊಂಡು, ಬೇರೆ ಸ್ವಚ್ಛ ಕಂಪ್ಯೂಟರಿನಲ್ಲಿ ಅದರ ಗುಣವನ್ನು ತಿಳಿದುಕೊಳ್ಳಿ.

3. ವಿಂಡೋಸ್ ಓಡುತ್ತಿರುವಾಗ ಹೋಗದ ವೈರಸನ್ನು ಹೊರಗಿನಿಂದ ತೆಗೆಯಬೇಕು. ವಿಂಡೋಸ್ 10 ಮತ್ತು 11ರಲ್ಲಿರುವ ಡಿಫೆಂಡರ್‌ನ 'ಆಫ್‌ಲೈನ್ ಸ್ಕ್ಯಾನ್' ಕಂಪ್ಯೂಟರನ್ನು ಮರಳಿ ಆರಂಭಿಸಿ, ವಿಂಡೋಸ್ ಪೂರ್ತಿ ಏಳುವ ಮೊದಲೇ ಪರೀಕ್ಷಿಸುತ್ತದೆ. ಹಿಂದಿನ ಸ್ವಚ್ಛ ಫ್ಲಾಪಿಯ ಇಂದಿನ ರೂಪವಿದು. ಕೇಂದ್ರ ಸರ್ಕಾರವು 2017ರಲ್ಲಿ ಆರಂಭಿಸಿದ ಸೈಬರ್ ಸ್ವಚ್ಛತಾ ಕೇಂದ್ರದಲ್ಲಿಯೂ ಉಚಿತ ಸಾಧನಗಳಿವೆ.

4. ಮನೆಯಲ್ಲಿರುವ ಎಲ್ಲ ಪೆನ್ ಡ್ರೈವ್, ಮೆಮೊರಿ ಕಾರ್ಡ್, ಇತರ ಕಂಪ್ಯೂಟರುಗಳನ್ನು ಅದೇ ದಿನ ಪರೀಕ್ಷಿಸಿ. ಒಂದನ್ನು ಬಿಟ್ಟರೂ ಮೊದಲಿನ ಕಥೆಯೇ.

5. ಅನಂತರವೂ ಹೋಗದಿದ್ದರೆ ಪತ್ರ, ಫೋಟೋಗಳನ್ನು ಮಾತ್ರ ಹೊರಗಿನ ಡಿಸ್ಕ್‌ಗೆ ನಕಲು ಮಾಡಿ, ತಂತ್ರಾಂಶಗಳನ್ನು ನಕಲು ಮಾಡದೆ ಇಡೀ ಡಿಸ್ಕ್‌ನ ಎಲ್ಲ ವಿಭಾಗಗಳನ್ನೂ ಅಳಿಸಿ ಹೊಸದಾಗಿ ವಿಂಡೋಸ್ ಹಾಕಿ. ನಕಲು ಮಾಡಿದ್ದನ್ನು ಮರಳಿ ಹಾಕುವ ಮುನ್ನ ಸ್ಕ್ಯಾನ್ ಮಾಡಿ.

6. ಎಲ್ಲ ಅಪ್‌ಡೇಟ್‌ಗಳನ್ನು ಹಾಕಿ, ಪಾಸ್‌ವರ್ಡುಗಳನ್ನು ಬದಲಾಯಿಸಿ. ವಿಂಡೋಸ್ ಎಕ್ಸ್‌ಪಿಗೆ 2014ರ ಏಪ್ರಿಲ್ 8ಕ್ಕೆ, ವಿಂಡೋಸ್ 10ರ ಸಾಮಾನ್ಯ ಬೆಂಬಲಕ್ಕೆ 2025ರ ಅಕ್ಟೋಬರ್ 14ಕ್ಕೆ ಮುಕ್ತಾಯವಾಗಿದೆ ಎಂಬುದು ನೆನಪಿರಲಿ.

ಕೊನೆಯದಾಗಿ ಒಂದು ಮಾತು. ಹಣ ಉಳಿಸಲೆಂದು ಅನೇಕರು ಕಳ್ಳ ನಕಲಿನ ವಿಂಡೋಸ್ ಮತ್ತು ಅದರ ಬೀಗ ಒಡೆಯುವ 'ಕ್ರ್ಯಾಕ್' ತಂತ್ರಾಂಶವನ್ನು ಹಾಕಿಸುತ್ತಾರೆ. ಹಾಗೆ ಹಾಕಿಸುವಾಗ ಆಂಟಿವೈರಸನ್ನು ನಾವೇ ನಿಲ್ಲಿಸುತ್ತೇವೆ. ಎಷ್ಟು ಶುಚಿಗೊಳಿಸಿದರೂ ವೈರಸ್ ಮರಳಲು ಅನೇಕ ಮನೆಗಳಲ್ಲಿ ಇದೇ ಕಾರಣ. ಲಾಹೋರಿನ ಸಹೋದರರು ಕಳ್ಳ ನಕಲನ್ನು ಪತ್ತೆಹಚ್ಚಲೆಂದು ತಮ್ಮ ವೈರಸ್ ಬರೆದರು. ಇಂದು ಕಳ್ಳ ನಕಲೇ ವೈರಸ್‌ನ ವಾಹನವಾಗಿದೆ. ಹಣವಿಲ್ಲದವರಿಗೆ ನ್ಯಾಯವಾದ ದಾರಿಯೂ ಇದೆ. ಲಿನಕ್ಸ್, ಲಿಬ್ರೆಆಫೀಸ್‌ನಂಥ ಮುಕ್ತ ತಂತ್ರಾಂಶಗಳು ಉಚಿತವಾಗಿ ದೊರೆಯುತ್ತವೆ.

ನಮ್ಮ ಸಂಸ್ಥೆಗಳಲ್ಲಿಯೂ ಮನೆಗಳಲ್ಲಿಯೂ ಕಂಪ್ಯೂಟರ್ ಕಲಿತ ಮಕ್ಕಳು ಈಗ ಸಾಕಷ್ಟು ಮಂದಿ ಇದ್ದಾರೆ. ತಿಂಗಳಿಗೊಮ್ಮೆ ಸಂಘದ ಕಡತಗಳ ನಕಲನ್ನು ಹೊರಗಿನ ಡಿಸ್ಕ್‌ಗೆ ತೆಗೆದಿಡುವ ಹೊಣೆಯನ್ನು ಅಂಥ ಇಬ್ಬರು ವಿದ್ಯಾರ್ಥಿಗಳಿಗೆ ವಹಿಸಿದರೂ ದೊಡ್ಡ ಉಪಕಾರವಾದೀತು. ವಿದ್ಯೆ ಬಂದವನು ನೆರೆಮನೆಯ ಯಂತ್ರವನ್ನೂ ಸರಿಪಡಿಸಿಕೊಟ್ಟರೆ ಆ ವಿದ್ಯೆ ಸಾರ್ಥಕವಾಗುತ್ತದೆ.